ಆರು ತಾಸಿನ ಮಜ್ಜಿಗೆ

ನನಗೆ ಹೃದಯಾಘಾತ ಆಗುತ್ತಿದ್ದಾಗ ನಾನು ಬೇವಿನ ಗಿಡದ ನೆರಳಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದೆ. ಒಂದೆರಡು ನಿಮಿಷವಲ್ಲ, ಆರು ತಾಸು. ಯಾರೂ ನನ್ನನ್ನು ಅಲ್ಲಿ ಕೂಡಿಸಿರಲಿಲ್ಲ. ರೋಗ ಏನೆಂದು ನಾನೇ ಕಂಡುಹಿಡಿದು, ನಾನೇ ಔಷಧಿ ಗೊತ್ತುಮಾಡಿ, ನಾನೇ ಕೂತಿದ್ದೆ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹಲವರ ಮೇಲೆ ಸಿಟ್ಟು ತೋರಿಸುವವಳಿದ್ದೇನೆ. ಮೊದಲ ಬೈಗುಳ ನನಗೇ ಸಲ್ಲಲಿ.

ನಾನು ಸುನಂದಾ, ಕಾಗವಾಡ ತಾಲೂಕಿನ ಒಂದು ಊರಿನವಳು. ತವರು ಕೃಷ್ಣೆಯ ದಂಡೆಯ ಅಂಕಲಿ. ನಮ್ಮವರು ಅಪ್ಪಾಸಾಬ ಅಥಣಿಯ ಬಸ್ ಡಿಪೋದಲ್ಲಿ ಕಂಡಕ್ಟರು. ಹಾಗಾಗಿ ಮೂರು ಎಕರೆ ದ್ರಾಕ್ಷಿ ತೋಟ ಕಾಗದದಲ್ಲಿ ಅವರದು, ಕೆಲಸದಲ್ಲಿ ನನ್ನದು. ಕತ್ತರಿ ಹಿಡಿದು ಬಳ್ಳಿ ಕತ್ತರಿಸುವ ಚಾಟಣಿ ನಮ್ಮ ಕಡೆ ಗಂಡಸರ ಕೆಲಸ. ಹೆಂಗಸರು ಎಲೆ ತೆಗೆಯಬಹುದು, ಗೊಂಚಲು ಬಿಡಿಸಬಹುದು, ಕತ್ತರಿ ಹಿಡಿದರೆ ಮಾತ್ರ ನಗು. ನಾನು ಹಿಡಿದ ವರ್ಷ ನಕ್ಕರು. ಮರುವರ್ಷ ನನ್ನ ಗೊಂಚಲು ನೋಡಿದ ಮೇಲೆ, ನಕ್ಕವರಲ್ಲಿ ಇಬ್ಬರು ತಮ್ಮ ತೋಟಕ್ಕೆ ಒಮ್ಮೆ ಬಂದು ಹೋಗಿರೆಂದು ಕರೆದರು.

ಅಕ್ಟೋಬರ್ ಚಾಟಣಿ ಆದ ಮೇಲೆ ಕಡ್ಡಿಯ ಕಣ್ಣುಗಳೆಲ್ಲ, ಚಿಗುರುವ ಮೊಗ್ಗುಗಳೆಲ್ಲ, ಒಟ್ಟಿಗೇ ಒಡೆಯಲಿ ಎಂದು ಪೇಸ್ಟ್ ಹಚ್ಚುತ್ತೇವೆ. ಕೈಗೆ ಗವಸು ಹಾಕಿ, ಕೆಂಪು ಬಣ್ಣ ಬೆರೆಸಿದ ಔಷಧಿಯನ್ನು ಒಂದೊಂದೇ ಕಣ್ಣಿಗೆ ಸವರುವ ಕೆಲಸ. ಇದಕ್ಕೊಂದು ಕಟ್ಟುನಿಟ್ಟು: ಹಚ್ಚುವವರು ಹಿಂದೆ ಮುಂದೆ ಕೆಲವು ದಿನ ಸೆರೆ, ಹೆಂಡ ಮುಟ್ಟಬಾರದು. ಮುಟ್ಟಿದವರಿಗೆ ಮುಖ ಕೆಂಪೇರುತ್ತದೆ, ಎದೆ ಡವಡವ ಬಡಿಯುತ್ತದೆ, ಬೆವರು ಕಿತ್ತು ಬರುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಪ್ರತಿ ವರ್ಷ ಯಾವನಾದರೊಬ್ಬ ಗಂಡಸು ಹೀಗೆ ಸಿಕ್ಕಿಬೀಳುತ್ತಾನೆ. ನೆರಳಲ್ಲಿ ಕೂಡಿಸಿ ಮಜ್ಜಿಗೆ ಕೊಟ್ಟು ಚೆನ್ನಾಗಿ ಚೇಷ್ಟೆ ಮಾಡುತ್ತೇವೆ, ಸಂಜೆಗೆ ಎದ್ದು ಹೋಗುತ್ತಾನೆ.

ನಾವು ಜೈನರು. ನಮ್ಮ ಮನೆಯಲ್ಲಿ ಸೆರೆಯ ಮಾತೇ ಇಲ್ಲ. ಆದರೆ ಆ ವರ್ಷ ಮುಟ್ಟು ನಿಲ್ಲುವ ಕಾಲದ ಉರಿ, ಸುಸ್ತು ಎಂದು ಒಂದು ತಿಂಗಳಿಂದ ಆಯುರ್ವೇದದ ಅರಿಷ್ಟ ಕುಡಿಯುತ್ತಿದ್ದೆ, ದಿನಕ್ಕೆರಡು ಸಲ, ಎರಡೆರಡು ಮುಚ್ಚಳ. ಪೇಸ್ಟಿನ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಮೂರನೇ ಸಾಲಿನಲ್ಲಿ, ಎದೆಯ ಮೇಲೆ ಯಾರೋ ಕೂತಂತಾಯಿತು. ದವಡೆ ಹಿಡಿದುಕೊಂಡಿತು. ಸೀರೆ ತೋಯುವಷ್ಟು ಬೆವರಿತು. ಪಕ್ಕದಲ್ಲಿದ್ದ ಶಾಂತವ್ವ, ನಮ್ಮ ಹೆಣ್ಣಾಳುಗಳ ಮುಂದಾಳು, ನನ್ನ ಮುಖ ನೋಡಿ, “ವೈನಿ, ಪೇಸ್ಟ್ ಬಡದೈತ್ರಿ ನಿಮಗ” ಅಂದಳು.

ಕುಡಿಯದವಳಿಗೆ ಹೇಗೆ ಬಡಿಯುತ್ತದೆ ಎಂದು ಅವಳನ್ನು ಗದರಿದೆ. ಗದರುತ್ತಿರುವಾಗಲೇ ನನ್ನ ತಲೆ ಓಡಿತು. ಅರಿಷ್ಟ ಅಂದರೆ ಹುಳಿಸಿ ಮಾಡಿದ್ದು. ಹುಳಿಸಿದ್ದರಲ್ಲಿ ಸೆರೆಯ ಅಂಶ ಇದ್ದೇ ಇರುತ್ತದೆ, ಬಾಟಲಿಯ ಚೀಟಿಯ ಮೇಲೂ ಬರೆದಿದೆ. ಸಿಕ್ಕಿತಲ್ಲ ಕಾರಣ! ಎದೆ ಹಿಂಡುತ್ತಿದ್ದರೂ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಅತ್ತೆಗೆ ಗೊತ್ತಾದರೆ ಏನನ್ನುತ್ತಾರೋ ಎಂದು ನಗು ಕೂಡ ಬಂತು. ಶಾಂತವ್ವನಿಗೆ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿ, ಬೇವಿನ ಗಿಡದ ಕೆಳಗೆ ಕೂತೆ. ಸಂಜೆಗೆ ಇಳಿಯುತ್ತದೆ ಎಂದು ಗೊತ್ತಿತ್ತಲ್ಲ.

ಇಳಿಯಲಿಲ್ಲ. ಮೂರು ಗಂಟೆಗೆ ನಮ್ಮವರು ಡ್ಯೂಟಿ ಮುಗಿಸಿ ಇನ್ನೂ ಬಿಚ್ಚದ ಊಟದ ಡಬ್ಬಿ ಹಿಡಿದುಕೊಂಡೇ ತೋಟಕ್ಕೆ ಬಂದರು. ನನ್ನ ಮುಖ ನೋಡಿದವರೇ, ನಾನು ಅರಿಷ್ಟದ ಕಥೆ ಶುರುಮಾಡುವ ಮೊದಲೇ ಡಬ್ಬಿ ಕೆಳಗಿಟ್ಟು, ಪಕ್ಕದ ತೋಟದವರ ಕಾರು ತರಿಸಿ ನನ್ನನ್ನು ಎತ್ತಿ ಒಳಗೆ ಕೂಡಿಸಿದರು. ಮಿರಜ ನಮ್ಮೂರಿಂದ ಒಂದು ತಾಸಿನ ಹಾದಿಯೂ ಇಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ನನ್ನ ಎದೆಗೆ ತಂತಿ ಹಚ್ಚಿದವರು ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದರು. ಒಂಬತ್ತಕ್ಕೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿದರು, ಆಮೇಲೆ ನಮ್ಮವರನ್ನು ನೋಡಿದರು.

ಮುಚ್ಚಿದ ರಕ್ತನಾಳ ತೆರೆದು ಸ್ಟೆಂಟ್ ಹಾಕಿದರು. ಆ ಹೊತ್ತೆಲ್ಲ ನಮ್ಮವರು ಹೊರಗೆ ಬೆಂಚು ಖಾಲಿ ಇದ್ದರೂ ಕೂಡದೆ ಬಾಗಿಲ ಹತ್ತಿರ ನಿಂತೇ ಇದ್ದರಂತೆ, ಒಂದು ಕೈ ಚೌಕಟ್ಟಿಗೆ ಹಿಡಿದು. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತವರು. ಪಕ್ಕದಲ್ಲಿ ಕೂತಿದ್ದ ರಾಯಬಾಗದ ಒಬ್ಬ ಮುದುಕಿ, ತನ್ನ ಗಂಡನ ಪಾಳಿ ಕಾಯುತ್ತಿದ್ದವಳು, ಅವರ ಕೈಗೆ ಅರ್ಧ ರೊಟ್ಟಿ ಇಟ್ಟು ತಿನ್ನು ಅಂದಳಂತೆ. ಯಾರೋ ಏನೋ, ಆಕೆಯ ಹೆಸರೂ ನಮಗೆ ಗೊತ್ತಿಲ್ಲ. ಆ ದಿನ ನಮ್ಮವರ ಹೊಟ್ಟೆಗೆ ಹೋದದ್ದು ಆ ಅರ್ಧ ರೊಟ್ಟಿ ಮಾತ್ರ.

ಮನೆಗೆ ಕಳಿಸುವಾಗ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿದರು. ಹೃದಯ ರಕ್ತ ನೂಕುವ ಶಕ್ತಿ ನೂರಕ್ಕೆ ಅರವತ್ತರ ಹತ್ತಿರ ಇರಬೇಕಾದದ್ದು ಮೂವತ್ತೆರಡಕ್ಕೆ ಇಳಿದಿತ್ತು. ಮುಂದೆ ಏನು ಎಂದು ಕೇಳಿದರೆ ಆ ವಾರ್ಡಿನಲ್ಲಿದ್ದವರೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಗುಳಿಗೆ ತಪ್ಪಿಸಬೇಡಿ, ಭಾರ ಎತ್ತಬೇಡಿ, ಮೂರು ತಿಂಗಳ ಮೇಲೆ ನೋಡೋಣ.

ಊರಿಗೆ ಬಂದ ಮೇಲೆ ನೋಡುವವರ ಸಾಲು. ಸೇಬು, ಬಾಳೆಹಣ್ಣು, ಬಿಸ್ಕೀಟು, ಜೊತೆಗೆ ತಲೆಗೊಂದು ತೀರ್ಪು. ತೋಟ ಲಾವಣಿಗೆ, ಗೇಣಿಗೆ ಕೊಟ್ಟುಬಿಡು ಅಂದವರೊಬ್ಬರು. ಇನ್ನು ಸೊಸೆ ತಂದು ಮನೆಯಲ್ಲಿ ಸುಮ್ಮನೆ ಕೂಡು ಅಂದವರೊಬ್ಬರು, ನಮಗೆ ಗಂಡುಮಕ್ಕಳೇ ಇಲ್ಲ ಎಂಬುದು ಆಕೆಗೆ ಮರೆತಿತ್ತು. ಎಲ್ಲರೂ ಚಹಾ ಕುಡಿಯುತ್ತ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: ನನ್ನ ಅಪ್ಪ ನಲವತ್ತಾರಕ್ಕೆ ಕಬ್ಬಿನ ಗದ್ದೆಯಲ್ಲಿ ಎದೆ ಹಿಡಿದು ಹೋದ, ಅಣ್ಣ ಐವತ್ತಕ್ಕೆ ಹೋದ. ನಮ್ಮ ಅತ್ತೆ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು. “ಅಂಕಲಿಯವರ ರಕ್ತದಾಗ ಐತಿ ಅದು. ಯಾರ ಏನ ಮಾಡಾಕ ಬರತೈತಿ?”

ನನಗೆ ಆಗ ಐವತ್ತೊಂದು. ಅಪ್ಪನನ್ನೂ ದಾಟಿದ್ದೆ, ಅಣ್ಣನನ್ನೂ ದಾಟಿದ್ದೆ. ಹಾಗಿದ್ದರೂ ಆ ಮಾತು ಮುಳ್ಳಿನಂತೆ ಕೂತಿತು. ಕಾಯಿಲೆಗೆ ಹೆದರಿದ್ದೆ, ಸುಳ್ಳು ಯಾಕೆ ಹೇಳಲಿ. ಬಚ್ಚಲಿಗೆ ಹೋಗುವಾಗಲೂ ಬಾಗಿಲು ಹಾಕಿಕೊಳ್ಳಲು ಹೆದರಿಕೆ. ಆದರೆ ಹೆದರಿಕೆಗಿಂತ ಆ ಮಾತಿನ ಮೇಲೆ ಬಂದ ಸಿಟ್ಟು ದೊಡ್ಡದಿತ್ತು. ನಾನು ಹುಟ್ಟುವ ಮೊದಲೇ ಅಂಕಲಿಯಲ್ಲಿ ಯಾರೋ ಕೂತು ಬರೆದಿಟ್ಟಿದ್ದರೆ, ನಾನು ದಿನಕ್ಕೆ ಒಂಬತ್ತು ಗುಳಿಗೆ ನುಂಗುವುದು ಯಾತಕ್ಕೆ?

ಆದರೂ ಅತ್ತೆಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಪಾಪ ಬರುತ್ತದೆ. ಅವರು ಹೊತ್ತು ಮುಳುಗಿದ ಮೇಲೆ ನೀರನ್ನೂ ಬಾಯಿಗೆ ಹಾಕುವವರಲ್ಲ. ನಾನೂ ಮದುವೆಯಾದಾಗಿನಿಂದ ಹಾಗೇ ನಡೆದವಳು. ಈಗ ಮೂರು ಗುಳಿಗೆ ಊಟವಾದ ಮೇಲೆ, ರಾತ್ರಿ ಎಂಟಕ್ಕೆ. ಮೊದಲ ದಿನ ಗುಳಿಗೆಗಳನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಅತ್ತೆ ಒಳಗಿಂದ ತಂಬಿಗೆ ತಂದರು. “ಕುಡಿ. ಜೀವ ಇದ್ರ ಧರ್ಮ. ಅದರ ಕರ್ಮ ನನಗ ಇರಲಿ” ಅಂದರು. ಅಂದಿನಿಂದ ಪ್ರತಿದಿನ ಎಂಟಕ್ಕೆ ಅವರೇ ನೀರು ತಂದುಕೊಡುತ್ತಾರೆ. ರಕ್ತದ ಮಾತಿಗೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ, ಆ ತಂಬಿಗೆಯನ್ನು ಮರೆತೂ ಇಲ್ಲ.

ಮೂರು ತಿಂಗಳ ಮೇಲೆ, ಜನವರಿಯಲ್ಲಿ, ಮತ್ತೆ ಮಿರಜ. ಈ ಸಲ ನೋಡಿದವರು ಹೃದಯದ ಡಾಕ್ಟರ್ ಮೇಡಂ, ಮೂಲ ನಿಪ್ಪಾಣಿಯವರು, ಕನ್ನಡದೊಳಗೆ ಮರಾಠಿ ಸುರಿದು ಮಾತಾಡುವವರು. ಎಕೋ ನೋಡಿ ಅವರು ಸುತ್ತಿಬಳಸಲಿಲ್ಲ. ಶಕ್ತಿ ಮೂವತ್ತಕ್ಕೆ ಇಳಿದಿದೆ, ಹೃದಯ ಮೊದಲಿಗಿಂತ ಹಿಗ್ಗಿದೆ. ಹೀಗೇ ಹಿಗ್ಗುತ್ತ ಹೋದರೆ ಎದೆಯೊಳಗೆ ಒಂದು ಯಂತ್ರ ಕೂಡಿಸಬೇಕು, ತೋಟದ ಕೆಲಸದ ಆಸೆ ಬಿಡಬೇಕು.

ನಾಳ ತೆರೆದಿದ್ದಾರಲ್ಲ, ಮತ್ತೆ ಯಾಕೆ ಹಿಗ್ಗುತ್ತದೆ ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಆ ಆರು ತಾಸಿನಲ್ಲಿ ಒಂದಿಷ್ಟು ಮಾಂಸ ಸತ್ತಿತು. ಸತ್ತ ಜಾಗ ಹರಿಯದಂತೆ ಸುತ್ತಲಿನ ಕಣಗಳು ಎದ್ದು ನಾರು ಹೆಣೆಯುತ್ತವೆ, ಕಲೆ ಕಟ್ಟುತ್ತವೆ. ಮೊದಲ ವಾರಗಳಲ್ಲಿ ಅದು ಬೇಕೇ ಬೇಕು. ಆದರೆ ಕೆಲವರಲ್ಲಿ ಆ ಕೆಲಸ ನಿಲ್ಲುವುದಿಲ್ಲ. ಗಟ್ಟಿ ಇರುವ ಮಾಂಸದೊಳಗೂ ನಾರು ನುಗ್ಗುತ್ತದೆ, ಗೋಡೆ ಬಿರುಸಾಗುತ್ತದೆ, ಕೋಣೆ ಹಿಗ್ಗುತ್ತದೆ. ಬೇಲಿಯೇ ಎದ್ದು ಹೊಲ ಮೇದಂತೆ ಅಂದೆ. ಹೌದು ಎಂದು ತಲೆಯಾಡಿಸಿದರು.

“ಇದನ್ನೆಲ್ಲಾ ನಡಸೂದು ಜೀನ್‌ಗಳ್ರಿ. ಎಷ್ಟೋ ಜೀನ್ ಸುಮ್ಮ ಮಲಗಿರತಾವ. ಪೆಟ್ಟ ಬಿದ್ದ ಮ್ಯಾಲ ಕೆಲವು ಏಳತಾವ. ನೀವು ತಾಯಿ ಹೊಟ್ಟ್ಯಾಗಿದ್ದಾಗ ದುಡದ ಮಲಗಿದ್ದವೂ ಈಗ ಮತ್ತ ಎದ್ದಾವ. ಅವನ್ನ ಮತ್ತ ಸುಮ್ಮ ಮಾಡಾಕ ಈ ಗುಳಿಗಿ ಸಹಾಯ ಮಾಡತಾವ.”

ಜೀನ್ ಅಂದ ಕೂಡಲೇ ನನಗೆ ಅತ್ತೆಯ ಮಾತು ನೆನಪಾಗಿ ಮೈ ಉರಿಯಿತು. ಅಂದರೆ ರಕ್ತದಲ್ಲಿ ಬಂದದ್ದೇ ನಿಜವಾಯಿತಲ್ಲ, ಅಪ್ಪನ ಜೀನ್, ಅಣ್ಣನ ಜೀನ್, ಹಣೆಬರಹಕ್ಕೆ ಇಂಗ್ಲಿಷ್ ಹೆಸರು ಇಟ್ಟಿರಿ ಅಷ್ಟೇ ಎಂದುಬಿಟ್ಟೆ. ನಮ್ಮವರು ನನ್ನ ಸೆರಗು ಜಗ್ಗಿದರು. ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮನೆತನದಿಂದ ಬಂದದ್ದಕ್ಕೂ ಪಾಲಿದೆ, ಇಲ್ಲ ಅನ್ನುವುದಿಲ್ಲ ಅಂದರು. ಆದರೆ ಜೀನ್ ಇರುವುದು ಬೇರೆ, ಏಳುವುದು ಬೇರೆ. ಯಾವುದು ಏಳಬೇಕು, ಎಷ್ಟು ದಿನ ಎದ್ದಿರಬೇಕು ಎಂಬುದಕ್ಕೆ ರಕ್ತದ ಒತ್ತಡ, ಗುಳಿಗೆ, ನಡಿಗೆ, ಉಪ್ಪು ಎಲ್ಲವೂ ಕೈ ಹಾಕುತ್ತವೆ. ಯಾವುದು ಎದ್ದಿದೆ ಎಂದು ನಿಮ್ಮ ಎದೆಯೊಳಗೆ ಇಣುಕಿ ನೋಡುವ ಸಾಧನ ನನ್ನ ಹತ್ತಿರ ಇಲ್ಲ, ಹಿಗ್ಗುವುದು ನಿಂತಿತೋ ಇಲ್ಲವೋ ಎಂದಷ್ಟೇ ಅಳೆಯಬಲ್ಲೆ ಅಂದರು.

ಹಾಗಾದರೆ ಇದು ನಮ್ಮ ಏಪ್ರಿಲ್ ಚಾಟಣಿಯ ಕಣ್ಣು ಅಂದೆ. ಅವರಿಗೆ ತಿಳಿಯಲಿಲ್ಲ, ನಾನು ತಿಳಿಸಿದೆ. ಏಪ್ರಿಲ್‌ನಲ್ಲಿ ಕತ್ತರಿಸಿದ ಮೇಲೆ ಹೊಸ ಕಡ್ಡಿ ಬರುತ್ತದೆ. ಅದರ ಕಣ್ಣಿನೊಳಗೆ ಮುಂದೆ ಗೊಂಚಲು ಬರುವುದೋ, ಬರಿ ಕುಡಿಬಳ್ಳಿ ಬರುವುದೋ ಎಂಬುದು ಕೆಲವು ವಾರಗಳಲ್ಲಿ ತೀರ್ಮಾನ ಆಗುತ್ತದೆ. ಬಳ್ಳಿ ಅದೇ, ತಳಿ ಅದೇ. ಬಿಸಿಲು ಬೀಳದೆ ಎಲೆ ದಟ್ಟವಾಗಿದ್ದರೆ, ನೀರು ಯೂರಿಯಾ ಹೆಚ್ಚಾದರೆ ಕುಡಿಬಳ್ಳಿ. ಎಲೆ ಬಿಡಿಸಿ, ನೀರು ತಡೆದು, ಬಿಸಿಲು ತಾಗಿಸಿದರೆ ಅದೇ ಕಣ್ಣಲ್ಲಿ ಗೊಂಚಲು. ಹೊರಗಿನಿಂದ ನೋಡಿದರೆ ಕಣ್ಣಿನಲ್ಲಿ ಏನೂ ಕಾಣುವುದಿಲ್ಲ. ಗೊಂಚಲು ಬರದಿದ್ದರೆ ತಳಿಯನ್ನು ಬೈದು ಕೂಡುವವನನ್ನು ನಮ್ಮಲ್ಲಿ ಯಾರೂ ರೈತ ಅನ್ನುವುದಿಲ್ಲ.

ಮೇಡಂ ನಕ್ಕರು. “ಹಂಗಾರ ನೀರು ತಡೀರಿ, ಉಪ್ಪು ಬಿಡ್ರಿ, ಬಿಸಿಲಾಗ ಸಾವಕಾಶ ನಡೀರಿ. ಸೆಪ್ಟೆಂಬರ್‌ಗೆ ನೋಡೂಣು.” ಹೊಸ ಗುಳಿಗೆ ಬರೆದರು. ಸೆಪ್ಟೆಂಬರ್‌ನಲ್ಲಿ ಹೃದಯ ಹಿಗ್ಗುವುದು ನಿಂತಿದ್ದರೆ ಕತ್ತರಿ ಹಿಡಿಯಲು ಅಪ್ಪಣೆ ಕೊಡಬೇಕು ಎಂದು ನಾನು ಅಲ್ಲೇ ಮಾತು ತೆಗೆದುಕೊಂಡೆ.

ಅಲ್ಲಿಂದ ಎಂಟು ತಿಂಗಳು ನಾನು ಹಟ ಹಿಡಿದು ಬದುಕಿದೆ. ಹಟ ಅಂದರೆ ಏನೋ ದೊಡ್ಡದಲ್ಲ. ಉಪ್ಪಿನಕಾಯಿ ಭರಣಿಯ ಕಡೆ ನೋಡದಿರುವುದು ಹಟ. ಹೊಸ ಗುಳಿಗೆಯಿಂದ ತಲೆ ಸುತ್ತಿದರೂ ಗೋಡೆ ಹಿಡಿದು ಎದ್ದು ನಿಲ್ಲುವುದು ಹಟ. ಬೆಳಿಗ್ಗೆ ಹಳ್ಳದ ಸೇತುವೆಯವರೆಗೆ ನಡೆಯುವಾಗ ಹಿಂದಿನಿಂದ ಬಂದ ಮುದುಕರು ನನ್ನನ್ನು ದಾಟಿ ಹೋದರೂ ಅಳದಿರುವುದು ಹಟ. ಎರಡು ಸಲ ಅತ್ತದ್ದುಂಟು, ಅದೂ ಸೇತುವೆ ಮುಟ್ಟಿದ ಮೇಲೆ. ಏಪ್ರಿಲ್ ಚಾಟಣಿಯನ್ನು ಕೊಡೆಯ ಕೆಳಗೆ ಕುರ್ಚಿಯಲ್ಲಿ ಕೂತು ಮಾಡಿಸಿದೆ. ಗಂಡಸರ ಕೈ ಒಂದು ಕಣ್ಣು ಮೇಲೆ ಹೋದರೂ ಕುರ್ಚಿಯಿಂದಲೇ ಬೈದೆ. ಬೈಯುವುದಕ್ಕೆ ಮೇಡಂ ಅಡ್ಡಿ ಹೇಳಿರಲಿಲ್ಲ.

ನನ್ನ ಕತ್ತರಿಯನ್ನು ಅತ್ತೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಿದ್ದರು. ಮೂರನೇ ದಿನವೇ ರೊಟ್ಟಿ ಮಾಡಲು ಹೋದಾಗ ಕೈಗೆ ತಾಗಿತು. ತೆಗೆಯಲಿಲ್ಲ. ಅಪ್ಪಣೆ ಪಡೆದೇ ತೆಗೆಯುವೆನೆಂದು ಅದರ ಮೇಲೆ ಮತ್ತೆ ಹಿಟ್ಟು ಸರಿಸಿದೆ. ನನಗೆ ಗೊತ್ತೆಂಬುದು ಅತ್ತೆಗೂ ಗೊತ್ತಿತ್ತು. ಎಂಟು ತಿಂಗಳು ಇಬ್ಬರೂ ಆ ಡಬ್ಬಿಯಿಂದ ಹಿಟ್ಟು ತೆಗೆದೆವು, ಕತ್ತರಿಯ ಮಾತು ತೆಗೆಯಲಿಲ್ಲ.

ಅಕ್ಟೋಬರ್ ಚಾಟಣಿಗೆ ಮೊದಲು ನಾವು ಸಾಲಿಗಿಷ್ಟು ಕಡ್ಡಿ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮಿರಜದ ಲ್ಯಾಬಿಗೆ ಪರೀಕ್ಷೆಗೆ ಕಳಿಸುತ್ತೇವೆ. ಅವರು ಕಣ್ಣನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ ಎಷ್ಟನೇ ಕಣ್ಣಿನಲ್ಲಿ ಗೊಂಚಲಿದೆ ಎಂದು ಬರೆದುಕೊಡುತ್ತಾರೆ. ಆ ವರ್ಷ ಕಡ್ಡಿಯ ಪರೀಕ್ಷೆಯೂ ನನ್ನ ಎಕೋ ಕೂಡ ಮಿರಜದಲ್ಲಿ ಒಂದೇ ದಿನ ಬಂದವು. ನಮ್ಮವರು ನನ್ನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂಡಿಸಿ ಗೋಣಿಚೀಲ ಹೊತ್ತು ಆ ಕಡೆ ಹೋದರು.

ಒಳಗೆ ಎಡಮಗ್ಗುಲಾಗಿ ಮಲಗಿದೆ. ಎದೆಗೆ ತಣ್ಣನೆಯ ಅಂಟು ಹಚ್ಚಿ ಮೇಡಂ ಸ್ವತಃ ನೋಡಿದರು. ನಾನು ಪರದೆ ನೋಡಲಿಲ್ಲ, ಗೋಡೆ ನೋಡಿದೆ. ಏನೇ ಹೇಳಿದರೂ ಅತ್ತೆಯ ಮುಂದೆ ಅಳಬಾರದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಕೊನೆಗೆ ಅವರು ಕೈ ಒರೆಸಿಕೊಂಡು ಹೇಳಿದರು. ಹೃದಯ ಹಿಗ್ಗುವುದು ನಿಂತಿದೆ, ಸ್ವಲ್ಪ ಕುಗ್ಗಿದೆ ಕೂಡ. ಶಕ್ತಿ ನಲವತ್ಮೂರು. ಕಲೆ ಹೋಗಿಲ್ಲ, ಹೋಗುವುದೂ ಇಲ್ಲ. ಗುಳಿಗೆ ಜೀವ ಇರುವವರೆಗೆ. ಯಂತ್ರ ಸದ್ಯಕ್ಕೆ ಬೇಡ.

ಕತ್ತರಿ, ಅಂದೆ. “ಹಿಡೀರಿ. ದಣಿವಾದ್ರ ಇಡ್ರಿ” ಅಂದರು. ಹೊರಗೆ ಬಂದಾಗ ನಮ್ಮವರು ಖಾಲಿ ಗೋಣಿ ಮಡಚಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ನಾನು ನಲವತ್ಮೂರು ಅಂದೆ. ಅವರು ಬೆಂಚಿನ ಮೇಲೆ ಕೂತುಬಿಟ್ಟರು. ಆ ಆಸ್ಪತ್ರೆಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಯಲ್ಲಿ ಅತ್ತೆ ಡಬ್ಬಿ ತೆರೆದು ಕತ್ತರಿ ತೆಗೆದು, ಹಿಟ್ಟು ಒರೆಸಿ, ನನ್ನ ಮುಂದೆ ಇಟ್ಟರು. ಅಂಕಲಿಯ ರಕ್ತದ ಸುದ್ದಿ ತೆಗೆಯಲಿಲ್ಲ. ನಾನೇ ತೆಗೆದೆ. ಅಪ್ಪನ ರಕ್ತವೇ ನನ್ನಲ್ಲಿದೆ, ಅತ್ತಿ, ಆದರೆ ಅಪ್ಪನಿಗೆ ಒಂಬತ್ತು ಗುಳಿಗೆ ಕೊಟ್ಟವರಿರಲಿಲ್ಲ, ಎಂಟು ಗಂಟೆಗೆ ತಂಬಿಗೆ ತಂದವರಿರಲಿಲ್ಲ ಅಂದೆ. ಅವರು ಮುಖ ಆ ಕಡೆ ಮಾಡಿ ಒಲೆ ಊದಿದರು, ಒಲೆಯಲ್ಲಿ ಬೆಂಕಿ ಇಲ್ಲದಿದ್ದರೂ.

ಅಕ್ಟೋಬರ್‌ನಲ್ಲಿ ಮೊದಲ ಸಾಲನ್ನು, ಪರೀಕ್ಷೆಯಲ್ಲಿ ಗೊಂಚಲು ಕಂಡ ಕಣ್ಣು ಉಳಿಸಿ, ನಾನೇ ಕತ್ತರಿಸಿದೆ, ನಾಲ್ಕು ಸಲ ಕೂತು ಎದ್ದು. ಮರುದಿನ ಪೇಸ್ಟ್. ಕೆಲಸ ಶುರುಮಾಡುವ ಮೊದಲು ಎಲ್ಲರನ್ನೂ ನಿಲ್ಲಿಸಿ ಹೇಳಿದೆ: ಕುಡಿದಿರಲಿ, ಬಿಟ್ಟಿರಲಿ, ಎದೆ ಹಿಡಿದರೆ, ಬೆವರಿದರೆ ಗಾಡಿ ಹತ್ತುವುದು. ಅದಕ್ಕೆಂದೇ ಪಕ್ಕದವರ ಕಾರನ್ನು ತೋಟದ ಬಾಯಿಗೆ ತಂದು ನಿಲ್ಲಿಸಿದ್ದೆ. ಮಜ್ಜಿಗೆಯ ಕೊಡ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಹನ್ನೊಂದಕ್ಕೆ ಶಾಂತವ್ವ ಸಾಲಿನ ನಡುವೆ ಕುಸಿದು ಕೂತಳು. ಮುಖ ಕೆಂಪು, ಕುತ್ತಿಗೆಯಲ್ಲಿ ಬೆವರು, ಕೈ ಎದೆಯ ಮೇಲೆ. ಪೇಸ್ಟ್ ಬಡಿದಿದೆ, ನೆರಳಿಗೆ ಒಯ್ಯಿರಿ ಎಂದು ಹಿಂದಿನಿಂದ ಯಾರೋ ಅಂದರು. ನಾನು ಅವಳನ್ನು ಎಬ್ಬಿಸಿ ಕಾರಿಗೆ ಹತ್ತಿಸಿದೆ. ಬ್ಯಾಡ್ರಿ ವೈನಿ, ಬ್ಯಾಡ್ರಿ ಎಂದು ಅವಳು ಬಾಗಿಲ ತನಕ ಬೇಡಿಕೊಂಡಳು. ಅರ್ಧ ದಾರಿಯಲ್ಲಿ ಬಾಯಿಬಿಟ್ಟಳು: ಹಿಂದಿನ ಸಂಜೆ ಹಾರೂಗೇರಿಯಲ್ಲಿ ತಂಗಿಯ ಮಗಳ ನಿಶ್ಚಯ ಇತ್ತು, ಬೀಗರ ಒತ್ತಾಯಕ್ಕೆ ಒಂದು ಗುಟುಕು ಹಾಕಿದ್ದಳು. ನಾನು ಕೇಳಿಸಿಕೊಂಡೆ. ಕಾರು ಹೋಗುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ಇಸಿಜಿ ಪಟ್ಟಿ ತೆಗೆದರು, ರಕ್ತ ನೋಡಿದರು, ಕೆಲವು ತಾಸು ಮಲಗಿಸಿಕೊಂಡರು. ಹೃದಯಕ್ಕೆ ಏನೂ ಆಗಿರಲಿಲ್ಲ. ಪೇಸ್ಟೇ ಬಡಿದಿತ್ತು. ಹೊರಡುವಾಗ ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು. “ನಾ ಮೊದಲ ಹೇಳಿದ್ರ ಗಾಡಿ ತಿರಗಸ್ತಿದ್ರೇನ್ರಿ ವೈನಿ?”

“ಇಲ್ಲ.”

“ಊರೆಲ್ಲಾ ನಗತೈತ್ರಿ.”

“ನಗಲಿ. ಮುಂದಿನ ವರ್ಷ ನೀ ಎದಿ ಹಿಡಕೊಂಡ ಕುಂತಿ ಅಂದ್ರ ಮತ್ತ ಒಯ್ತೀನಿ” ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಗವಸಿನ ಮೇಲೆ ಮೊಣಕೈಯವರೆಗೆ ಮೆತ್ತಿದ್ದ ಪೇಸ್ಟಿನಿಂದ ಇಬ್ಬರ ಕೈಗಳೂ ಇನ್ನೂ ಕೆಂಪಾಗಿದ್ದವು. ಕಾರು ಹತ್ತುವ ಮುಂಚೆ ನಲ್ಲಿಯ ಕೆಳಗೆ ತೊಳೆದುಕೊಂಡೆವು. ಇನ್ನೂ ಎರಡು ಎಕರೆ ಪೇಸ್ಟ್ ಬಾಕಿ ಇತ್ತು.